ಒಂದೇ ನಗರ, ಒಂದೇ ಮಧ್ಯಾಹ್ನ. 9 ಡಿಗ್ರಿ ಅಂತರ

ಬೇಸಿಗೆ ಕಾಲಿಟ್ಟೊಡನೆ ಪ್ರತಿ ಸಂಜೆ ಒಂದು ಅಂಕಿ ಸುದ್ದಿಯಾಗುತ್ತದೆ. ಇಂದು ನಗರದ ಗರಿಷ್ಠ ಉಷ್ಣಾಂಶ ಇಷ್ಟು ಡಿಗ್ರಿ, ನಾಳೆ ಇಷ್ಟಿರುವ ಸಾಧ್ಯತೆ ಎಂಬ ಮಾಹಿತಿಯನ್ನು ಜನ ಓದುತ್ತಾರೆ, ನಂಬುತ್ತಾರೆ. ಆದರೆ ಆ ಅಂಕಿ ನಗರದ ಯಾವ ಮೂಲೆಯದು, ಯಾರ ಮನೆಯ ಮುಂದಿನದು ಎಂದು ಕೇಳುವವರು ಕಡಿಮೆ. ಸಾಲುಮರಗಳ ಬೀದಿಯಲ್ಲಿ ನಡೆಯುವವರೂ, ತಗಡಿನ ಸೂರಿನ ಮನೆಗಳ ನಡುವೆ ಬದುಕುವವರೂ ಒಂದೇ ಬಿಸಿಲನ್ನು ಅನುಭವಿಸುತ್ತಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿಯೇ. ಗೊತ್ತಿರುವುದನ್ನು ಅಳೆದು ತೋರಿಸುವುದು ಮಾತ್ರ ಸುಲಭವಲ್ಲ.

ಅಮೆರಿಕದ ವರ್ಜೀನಿಯಾ ರಾಜ್ಯದ ರಾಜಧಾನಿ ರಿಚ್ಮಂಡ್‌ನಲ್ಲಿ 2017ರ ಜುಲೈ 13ರಂದು ಈ ಕೆಲಸ ನಡೆಯಿತು. ಸುಮಾರು ಎರಡೂಕಾಲು ಲಕ್ಷ ಜನಸಂಖ್ಯೆಯ ಆ ನಗರದಲ್ಲಿ ಅಂದು ವಿಜ್ಞಾನಿಗಳ ಜತೆ ಸಾಮಾನ್ಯ ನಾಗರಿಕರೂ ಕಾರು ಮತ್ತು ಸೈಕಲ್‌ಗಳಿಗೆ ಉಷ್ಣಮಾಪಕಗಳನ್ನು ಅಳವಡಿಸಿಕೊಂಡು ಬೀದಿಗಿಳಿದರು. ಬೆಳಿಗ್ಗೆ 6 ಗಂಟೆ, ಮಧ್ಯಾಹ್ನ 3 ಗಂಟೆ, ಸಂಜೆ 7 ಗಂಟೆ. ಹೀಗೆ ಮೂರು ಸಲ, ಪ್ರತಿ ಸಲ ಸುಮಾರು ಒಂದು ಗಂಟೆ ಕಾಲ ನಿಗದಿತ ಹಾದಿಗಳಲ್ಲಿ ಸಂಚರಿಸಿದರು. ಮಧ್ಯಾಹ್ನದ ಅಳತೆಗಳನ್ನು ಒಟ್ಟುಗೂಡಿಸಿದಾಗ ನಗರದ ಅತಿ ತಂಪಾದ ಸ್ಥಳಕ್ಕೂ ಅತಿ ಬಿಸಿಯಾದ ಸ್ಥಳಕ್ಕೂ 16 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 9 ಡಿಗ್ರಿ ಸೆಲ್ಸಿಯಸ್ ಅಂತರವಿರುವುದು ಕಂಡುಬಂದಿತು. ಒಂದು ಕಡೆ ಉಷ್ಣಾಂಶ 31 ಡಿಗ್ರಿಯ ಆಸುಪಾಸಿನಲ್ಲಿದ್ದರೆ, ಕೆಲವೇ ಕಿಲೋಮೀಟರ್ ದೂರದಲ್ಲಿ ಅದು 39 ಡಿಗ್ರಿ ದಾಟಿತ್ತು.

ಈ ಅಂತರ ಎಲ್ಲಿಂದ ಬಂತು, ಅದನ್ನು ಅಳೆಯಲು ನಾಗರಿಕರೇ ಏಕೆ ಬೇಕಾಯಿತು, ಅಳೆದದ್ದರಿಂದ ಆದ ಪ್ರಯೋಜನವೇನು ಎಂಬುದು ಬಿಸಿಲ ಬೇಗೆಯಲ್ಲಿ ಬೇಯುತ್ತಿರುವ ಎಲ್ಲ ನಗರಗಳಿಗೂ ಸಂಬಂಧಿಸಿದ ವಿಷಯ.

ಹುಲ್ಲುಹಾಸಿನ ಮೇಲಿನ ಉಷ್ಣಮಾಪಕ

ಹವಾಮಾನ ಇಲಾಖೆಗಳು ಉಷ್ಣಾಂಶವನ್ನು ಅಳೆಯುವುದಕ್ಕೆ ವಿಶ್ವ ಹವಾಮಾನ ಸಂಸ್ಥೆ ನಿಯಮಗಳನ್ನು ರೂಪಿಸಿದೆ. ಉಷ್ಣಮಾಪಕ ನೆಲದಿಂದ ಒಂದೂಕಾಲು ಮೀಟರಿನಿಂದ ಎರಡು ಮೀಟರ್ ಎತ್ತರದಲ್ಲಿರಬೇಕು. ನೇರ ಬಿಸಿಲು ತಾಗದಂತೆ, ಆದರೆ ಗಾಳಿ ಧಾರಾಳವಾಗಿ ಆಡುವಂತೆ ಅದನ್ನು ಬಿಳಿ ಬಣ್ಣದ ಪೆಟ್ಟಿಗೆಯಲ್ಲಿಡಬೇಕು. ಸುತ್ತಲೂ ಹುಲ್ಲು ಬೆಳೆದ ಬಯಲಿರಬೇಕು. ಕಟ್ಟಡ, ಡಾಂಬರು ನೆಲ ಹತ್ತಿರದಲ್ಲಿರಬಾರದು. ಒಂದು ದೇಶದ ಅಳತೆಯನ್ನು ಮತ್ತೊಂದರ ಜತೆಗೆ, ಈ ವರ್ಷದ ಅಳತೆಯನ್ನು ಐವತ್ತು ವರ್ಷ ಹಿಂದಿನದರ ಜತೆಗೆ ಹೋಲಿಸಬೇಕಾದರೆ ಇಂಥ ಶಿಸ್ತು ಅನಿವಾರ್ಯ.

ಆದರೆ ಈ ಶಿಸ್ತಿನಿಂದಾಗಿಯೇ ಜನ ಬದುಕುವ ಬೀದಿಯ ಬಿಸಿ ಲೆಕ್ಕಕ್ಕೆ ಸಿಗುವುದಿಲ್ಲ. ನಿಯಮಕ್ಕೆ ಒಪ್ಪುವ ವಿಶಾಲ ಬಯಲು ಸಾಮಾನ್ಯವಾಗಿ ದೊರೆಯುವುದು ವಿಮಾನ ನಿಲ್ದಾಣಗಳಲ್ಲಿ. ರಿಚ್ಮಂಡ್‌ನ ವಿಮಾನ ನಿಲ್ದಾಣವಂತೂ ನಗರದ ಗಡಿಯಾಚೆ, ಪಕ್ಕದ ಹೆನ್ರೈಕೊ ಕೌಂಟಿಯಲ್ಲಿದೆ. ಅಲ್ಲಿ ದಾಖಲಾದ ಅಂಕಿ ಸುಳ್ಳಲ್ಲ. ಆದರೆ ನಗರದ ನಡುವಿನ ಒಂದು ಬಸ್ ತಂಗುದಾಣದಲ್ಲಿ ಕಾಯುತ್ತ ನಿಂತವರ ಪಾಲಿಗೆ ಅದು ಸತ್ಯವೂ ಅಲ್ಲ.

ನಗರ ಏಕೆ ಕಾಯುತ್ತದೆ?

ನಗರಗಳು ಸುತ್ತಲಿನ ಹಳ್ಳಿಗಾಡಿಗಿಂತ ಬೆಚ್ಚಗಿರುತ್ತವೆ ಎಂಬುದನ್ನು ಅಳೆದು ಹೇಳಿದ ಮೊದಲಿಗರಲ್ಲಿ ಪ್ರಮುಖ ಹೆಸರು ಲಂಡನ್‌ನ ಲ್ಯೂಕ್ ಹೊವಾರ್ಡ್‌ರದು. ಮೋಡಗಳಿಗೆ ಇಂದಿಗೂ ಬಳಕೆಯಲ್ಲಿರುವ ಹೆಸರುಗಳನ್ನು ಕೊಟ್ಟವರೂ ಇವರೇ. ವೃತ್ತಿಯಲ್ಲಿ ಔಷಧ ತಯಾರಕರಾಗಿದ್ದ ಹೊವಾರ್ಡ್ ಹವ್ಯಾಸಕ್ಕಾಗಿ ವರ್ಷಗಟ್ಟಲೆ ಉಷ್ಣಾಂಶ ದಾಖಲಿಸಿದರು. ಲಂಡನ್‌ನ ಹವಾಗುಣದ ಬಗ್ಗೆ 1818ರಿಂದ ಪ್ರಕಟವಾಗತೊಡಗಿದ ಅವರ ಗ್ರಂಥದಲ್ಲಿ, ಅದರಲ್ಲೂ ರಾತ್ರಿಯ ಹೊತ್ತು ನಗರವು ಹೊರವಲಯಕ್ಕಿಂತ ಬಿಸಿಯಾಗಿರುತ್ತದೆ ಎಂಬ ಸಂಗತಿ ದಾಖಲಾಗಿದೆ. ಎರಡು ಶತಮಾನಗಳ ಹಿಂದೆಯೂ ಈ ಕೆಲಸಕ್ಕೆ ಕೈಹಾಕಿದ್ದು ಒಬ್ಬ ಹವ್ಯಾಸಿ ಎಂಬುದು ಗಮನಾರ್ಹ.

ಈ ವಿದ್ಯಮಾನವನ್ನು ವಿಜ್ಞಾನಿಗಳು ‘ನಗರ ಉಷ್ಣದ್ವೀಪ’ ಎಂದು ಕರೆಯುತ್ತಾರೆ. ಕಾರಣಗಳು ಹಲವು. ಡಾಂಬರು ಮತ್ತು ಕಾಂಕ್ರೀಟ್ ಹಗಲಿಡೀ ಬಿಸಿಲನ್ನು ಹೀರಿಕೊಂಡು ರಾತ್ರಿ ನಿಧಾನವಾಗಿ ಹೊರಬಿಡುತ್ತವೆ. ಮಣ್ಣು ಮತ್ತು ಗಿಡಮರಗಳಲ್ಲಾದರೆ ಬಿಸಿಲಿನ ಶಕ್ತಿಯ ಒಂದು ಪಾಲು ನೀರನ್ನು ಆವಿಯಾಗಿಸಲು ಖರ್ಚಾಗುತ್ತದೆ. ಮಡಕೆಯ ನೀರು ತಣ್ಣಗಾಗುವ ತತ್ತ್ವವೇ ಇಲ್ಲೂ ಕೆಲಸ ಮಾಡುತ್ತದೆ. ನೆಲವನ್ನು ಕಾಂಕ್ರೀಟ್ ಮುಚ್ಚಿದರೆ ಆ ದಾರಿ ಬಂದ್ ಆಗುತ್ತದೆ. ಇಕ್ಕೆಲಗಳಲ್ಲಿ ಎತ್ತರದ ಕಟ್ಟಡಗಳಿರುವ ಕಿರಿದಾದ ಬೀದಿಗಳಲ್ಲಿ ಗಾಳಿಯ ಓಡಾಟ ಕಡಿಮೆಯಾಗಿ ಶಾಖ ಅಲ್ಲಿಯೇ ಉಳಿಯುತ್ತದೆ. ವಾಹನಗಳ ಎಂಜಿನ್, ಕಾರ್ಖಾನೆ, ಹವಾನಿಯಂತ್ರಕಗಳು ಹೊರಹಾಕುವ ಬಿಸಿಯೂ ಇದಕ್ಕೆ ಸೇರುತ್ತದೆ.

ಮರಗಳ ಸಂಖ್ಯೆ, ಕಟ್ಟಡಗಳ ಒತ್ತಣೆ, ರಸ್ತೆಗಳ ಅಗಲ ನಗರದ ಎಲ್ಲ ಭಾಗಗಳಲ್ಲೂ ಒಂದೇ ರೀತಿ ಇರುವುದಿಲ್ಲ. ಆದ್ದರಿಂದ ನಗರವನ್ನು ಒಂದೇ ಉಷ್ಣದ್ವೀಪ ಎನ್ನುವುದಕ್ಕಿಂತ ಬಿಸಿ ಮತ್ತು ತಂಪಿನ ಹಲವು ತುಣುಕುಗಳ ಸಮೂಹ ಎನ್ನುವುದೇ ಸರಿ. ಆ ತುಣುಕುಗಳು ಎಲ್ಲಿವೆ ಎಂಬುದನ್ನು ಗುರುತಿಸುವುದೇ ನಿಜವಾದ ಸವಾಲು.

ಉಪಗ್ರಹ ಇರುವಾಗ ಕಾರು ಏಕೆ?

ಬಾಹ್ಯಾಕಾಶದಿಂದಲೇ ಭೂಮಿಯ ಶಾಖವನ್ನು ಅಳೆಯುವ ಉಪಗ್ರಹಗಳಿರುವಾಗ ಜನ ಬಿಸಿಲಿನಲ್ಲಿ ಅಲೆಯಬೇಕೇ ಎಂಬ ಪ್ರಶ್ನೆ ಸಹಜ. ಉಪಗ್ರಹ ಅಳೆಯುವುದು ಮೇಲ್ಮೈಯ ಉಷ್ಣಾಂಶವನ್ನು. ಮೇಲಿನಿಂದ ನೋಡಿದಾಗ ಕಾಣುವ ತಾರಸಿ, ರಸ್ತೆ, ಮರದ ತುದಿಗಳ ಬಿಸಿ ಅದಕ್ಕೆ ದೊರೆಯುತ್ತದೆ. ಮನುಷ್ಯರು ನಡೆಯುವ, ಉಸಿರಾಡುವ ಎತ್ತರದಲ್ಲಿನ ಗಾಳಿಯ ಬಿಸಿ ಬೇರೆಯದೇ. ಉರಿಬಿಸಿಲಿನಲ್ಲಿ ಡಾಂಬರು ರಸ್ತೆಯ ಮೇಲ್ಮೈ ಅದರ ಮೇಲಿನ ಗಾಳಿಗಿಂತ ಎಷ್ಟೋ ಹೆಚ್ಚು ಕಾದಿರುತ್ತದೆ.

ಸಮಯದ ಮಿತಿಯೂ ಇದೆ. ಈ ಬಗೆಯ ಅಧ್ಯಯನಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಲ್ಯಾಂಡ್‌ಸ್ಯಾಟ್ 8 ಉಪಗ್ರಹ ಒಂದು ಸ್ಥಳದ ಮೇಲೆ 16 ದಿನಗಳಿಗೊಮ್ಮೆ, ಅದೂ ಬೆಳಗಿನ ಹೊತ್ತಿನಲ್ಲಿ ಹಾದುಹೋಗುತ್ತದೆ. ಮೋಡ ಕವಿದಿದ್ದರೆ ಅದೂ ಇಲ್ಲ. ಮಧ್ಯಾಹ್ನ ಮೂರರ ಬೇಗೆ, ಸೂರ್ಯಾಸ್ತದ ಬಳಿಕವೂ ಇಳಿಯದ ಧಗೆ ಅದರ ಕಣ್ಣಿಗೆ ಬೀಳುವುದು ಕಷ್ಟ.

ವಾಹನದಲ್ಲಿ ಉಷ್ಣಮಾಪಕ ಕೊಂಡೊಯ್ದು ನಗರದ ಶಾಖವನ್ನು ಅಳೆಯುವ ವಿಧಾನ ಹೊಸದಲ್ಲ. ಆಸ್ಟ್ರಿಯಾದ ವಿಲ್‌ಹೆಲ್ಮ್ ಶ್ಮಿಟ್ 1927ರಲ್ಲೇ ವಿಯೆನ್ನಾ ನಗರದಲ್ಲಿ ಕಾರಿನಲ್ಲಿ ಸಂಚರಿಸಿ ಉಷ್ಣಾಂಶ ಅಳೆದಿದ್ದರು. ಆದರೆ ಒಂದೇ ಕಾರು ನಗರ ಸುತ್ತಿ ಬರುವಷ್ಟರಲ್ಲಿ ಸೂರ್ಯ ಸರಿದು, ಮೊದಲು ಅಳೆದ ಸ್ಥಳದ ಉಷ್ಣಾಂಶವೇ ಬದಲಾಗಿರುತ್ತದೆ. ಇಡೀ ನಗರವನ್ನು ಒಂದೇ ಹೊತ್ತಿನಲ್ಲಿ ಅಳೆಯಬೇಕಾದರೆ ಹಲವು ವಾಹನಗಳು ಏಕಕಾಲಕ್ಕೆ ಹೊರಡಬೇಕು. ಸ್ವಯಂಸೇವಕರ ಅಗತ್ಯ ಹುಟ್ಟಿದ್ದು ಇಲ್ಲಿ.

ಅಳತೆ ನಡೆದದ್ದು ಹೀಗೆ

ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿವೇಕ್ ಶಂದಾಸ್ ಈ ವಿಧಾನವನ್ನು ರೂಪಿಸಿದವರಲ್ಲಿ ಪ್ರಮುಖರು. ರಿಚ್ಮಂಡ್‌ನಲ್ಲಿ ಅದರ ನೇತೃತ್ವ ವಹಿಸಿದ್ದು ವರ್ಜೀನಿಯಾ ವಿಜ್ಞಾನ ವಸ್ತುಸಂಗ್ರಹಾಲಯದ ವಿಜ್ಞಾನಿ ಜೆರೆಮಿ ಹಾಫ್‌ಮನ್. ಸ್ಥಳೀಯ ವಿಶ್ವವಿದ್ಯಾಲಯಗಳು, ನಗರಾಡಳಿತ ಮತ್ತು ಯುವಜನರೊಂದಿಗೆ ಕೆಲಸ ಮಾಡುವ ಗ್ರೌಂಡ್‌ವರ್ಕ್ ಆರ್‌ವಿಎ ಎಂಬ ಸ್ವಯಂಸೇವಾ ಸಂಸ್ಥೆ ಕೈಜೋಡಿಸಿದ್ದವು.

ಈ ಅಭಿಯಾನಗಳ ಕ್ರಮ ಸರಳ. ಮೊದಲು ನಗರವನ್ನು ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗದಲ್ಲೂ ಉದ್ಯಾನ, ವಸತಿ ಪ್ರದೇಶ, ಮಾರುಕಟ್ಟೆ, ಕೈಗಾರಿಕಾ ಪ್ರದೇಶ ಎಲ್ಲವನ್ನೂ ಹಾದುಹೋಗುವ ಮಾರ್ಗವೊಂದನ್ನು ಗುರುತಿಸಲಾಗುತ್ತದೆ. ಸ್ವಯಂಸೇವಕರಿಗೆ ತರಬೇತಿ ನೀಡಲಾಗುತ್ತದೆ. ಆಕಾಶ ನಿರ್ಮಲವಾಗಿದ್ದು, ಗಾಳಿ ಜೋರಾಗಿ ಬೀಸದ, ಬಿಸಿಲು ವಾಡಿಕೆಗಿಂತ ಹೆಚ್ಚಿರುವ ದಿನವನ್ನು ಆಯ್ಕೆ ಮಾಡಲಾಗುತ್ತದೆ. ಕಾರಿನ ಕಿಟಕಿಗೆ ಸಿಕ್ಕಿಸುವ ಸಾಧನದಲ್ಲಿ ಬಿಳಿ ಕೊಳವೆಯೊಂದಿದ್ದು, ಅದರೊಳಗೆ ಸೂಕ್ಷ್ಮ ಸೆನ್ಸರ್ ಇರುತ್ತದೆ. ಕೊಳವೆ ಬಿಸಿಲಿನಿಂದ ಸೆನ್ಸರ್‌ಗೆ ನೆರಳು ನೀಡುತ್ತದೆ. ಕಾರು ಚಲಿಸಿದಂತೆ ಹೊರಗಿನ ಗಾಳಿ ಅದರ ಮೂಲಕ ಹಾದುಹೋಗುತ್ತದೆ. ಪ್ರತಿ ಸೆಕೆಂಡಿಗೆ ಉಷ್ಣಾಂಶ, ಗಾಳಿಯ ತೇವಾಂಶ ಹಾಗೂ ಜಿಪಿಎಸ್ ಮೂಲಕ ತಿಳಿಯುವ ಸ್ಥಳ ಸಾಧನದಲ್ಲಿ ದಾಖಲಾಗುತ್ತವೆ. ಒಬ್ಬರು ಕಾರು ಚಲಾಯಿಸಿದರೆ, ಜತೆಗಿರುವವರು ನಕ್ಷೆ ನೋಡಿ ದಾರಿ ಹೇಳುತ್ತಾರೆ.

ಹೀಗೆ ಸಂಗ್ರಹವಾಗುವ ಅಳತೆಗಳ ಸಂಖ್ಯೆ ಸಾವಿರಗಟ್ಟಲೆ. ಆದರೂ ಅವು ಕಾರು ಹೋದ ರಸ್ತೆಗಳಿಗೆ ಸೀಮಿತ. ಉಳಿದ ಸ್ಥಳಗಳ ಉಷ್ಣಾಂಶವನ್ನು ಅಂದಾಜು ಮಾಡಲು ಉಪಗ್ರಹ ಚಿತ್ರಗಳು ನೆರವಾಗುತ್ತವೆ. ಮರ, ಕಟ್ಟಡ, ನೀರು, ಬಯಲು ಇರುವೆಡೆ ಉಷ್ಣಾಂಶ ಹೇಗೆ ಬದಲಾಗುತ್ತದೆ ಎಂಬುದನ್ನು ಅಳತೆಗಳಿಂದ ಕಲಿಯುವ ಕಂಪ್ಯೂಟರ್, ಅದೇ ಲಕ್ಷಣಗಳುಳ್ಳ ಇತರ ಸ್ಥಳಗಳಿಗೂ ಲೆಕ್ಕ ಹಾಕುತ್ತದೆ. ಕೊನೆಗೆ ನಗರದ ಪೂರ್ಣ ಶಾಖನಕ್ಷೆ ಸಿದ್ಧವಾಗುತ್ತದೆ.

ಎಂಬತ್ತು ವರ್ಷ ಹಳೆಯ ನಕ್ಷೆ

ರಿಚ್ಮಂಡ್‌ನ ಶಾಖನಕ್ಷೆಯಲ್ಲಿ ಉದ್ಯಾನಗಳು, ಮರಗಳು ದಟ್ಟವಾಗಿರುವ ಬಡಾವಣೆಗಳು ತಂಪಾಗಿದ್ದವು. ಡಾಂಬರು ಹೆಚ್ಚಿದ್ದು ಮರಗಳಿಲ್ಲದ ಪ್ರದೇಶಗಳು ಬಿಸಿಯಾಗಿದ್ದವು. ಇದು ನಿರೀಕ್ಷಿತವೇ. ಆದರೆ ಈ ನಕ್ಷೆಯನ್ನು 1930ರ ದಶಕದ ಮತ್ತೊಂದು ನಕ್ಷೆಯ ಪಕ್ಕದಲ್ಲಿಟ್ಟಾಗ ಎರಡಕ್ಕೂ ಇರುವ ಹೋಲಿಕೆ ಬೆಚ್ಚಿಬೀಳಿಸುವಂತಿತ್ತು.

ಆರ್ಥಿಕ ಮಹಾಕುಸಿತದ ಕಾಲದಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಸಂಸ್ಥೆಯೊಂದು ಗೃಹಸಾಲ ನೀಡಿಕೆಗೆ ಸಂಬಂಧಿಸಿದಂತೆ ನಗರಗಳ ನಕ್ಷೆ ತಯಾರಿಸಿತ್ತು. ಸಾಲ ನೀಡಲು ಅತ್ಯಂತ ಯೋಗ್ಯ ಎನಿಸಿದ ಪ್ರದೇಶಗಳಿಗೆ ಹಸಿರು ಬಣ್ಣ, ನಂತರದವಕ್ಕೆ ನೀಲಿ, ಹಳದಿ. ‘ಅಪಾಯಕಾರಿ’ ಎನಿಸಿದವಕ್ಕೆ ಕೆಂಪು. ಕಪ್ಪು ಜನಾಂಗದವರು ವಾಸಿಸುತ್ತಿದ್ದ ಪ್ರದೇಶಗಳಿಗೆ ಬಹುತೇಕ ಕೆಂಪು ಬಣ್ಣವೇ ಬಿದ್ದಿತ್ತು. ಅಂಥಲ್ಲಿ ಮನೆ ಕೊಳ್ಳಲು, ಕಟ್ಟಲು ಸಾಲ ಸಿಗುವುದು ಕಷ್ಟವಾಯಿತು. ವಸತಿಯಲ್ಲಿ ಜನಾಂಗೀಯ ತಾರತಮ್ಯವನ್ನು 1968ರ ಕಾನೂನು ನಿಷೇಧಿಸಿತಾದರೂ, ಅಷ್ಟರಲ್ಲಿ ಮೂರು ದಶಕಗಳು ಕಳೆದಿದ್ದವು. ಬಂಡವಾಳ ಹರಿಯದ ಕಡೆ ಉದ್ಯಾನಗಳು ಬರಲಿಲ್ಲ, ಸಾಲುಮರಗಳು ಬೆಳೆಯಲಿಲ್ಲ. ಭೂಮಿಯ ಬೆಲೆ ಕಡಿಮೆಯಿದ್ದ ಕಾರಣ ಹೆದ್ದಾರಿ, ಗೋದಾಮು, ದೊಡ್ಡ ವಸತಿ ಸಮುಚ್ಚಯಗಳು ಅಲ್ಲಿಗೇ ಬಂದವು.

ರಿಚ್ಮಂಡ್‌ನ ಜಾಕ್ಸನ್ ವಾರ್ಡ್ ಇದಕ್ಕೊಂದು ನಿದರ್ಶನ. ಕಪ್ಪು ಜನಾಂಗದವರ ವ್ಯಾಪಾರ, ಕಲೆಗಳ ಕೇಂದ್ರವಾಗಿ ಹೆಸರಾಗಿದ್ದ ಈ ಪ್ರದೇಶ ಕೆಂಪು ಬಣ್ಣ ಪಡೆಯಿತು. 1950ರ ದಶಕದಲ್ಲಿ ಹೆದ್ದಾರಿಯೊಂದು ಅದನ್ನು ಸೀಳಿಕೊಂಡು ಹೋಯಿತು. ಹೆದ್ದಾರಿಯ ಉತ್ತರಕ್ಕೆ ಉಳಿದ ಗಿಲ್ಪಿನ್ ಪ್ರದೇಶ ಇಂದು ನಗರದ ಅತಿ ಬಿಸಿಯಾದ ಸ್ಥಳಗಳಲ್ಲಿ ಒಂದು. ಶಾಖ ಸಂಬಂಧಿ ಕಾಯಿಲೆಗಳಿಗಾಗಿ ಆಂಬುಲೆನ್ಸ್‌ಗೆ ಹೆಚ್ಚು ಕರೆಗಳು ಬರುವ ಪ್ರದೇಶಗಳಲ್ಲೂ ಅದು ಸೇರಿದೆ.

ಇದು ಒಂದೇ ನಗರದ ಕಥೆಯೇ ಎಂಬುದನ್ನು ತಿಳಿಯಲು ಹಾಫ್‌ಮನ್, ಶಂದಾಸ್ ಮತ್ತು ಸಂಗಡಿಗರು ಅಮೆರಿಕದ 108 ನಗರ ಪ್ರದೇಶಗಳ ಹಳೆಯ ನಕ್ಷೆಗಳನ್ನು ಉಪಗ್ರಹದ ಉಷ್ಣಾಂಶ ಮಾಹಿತಿಯೊಂದಿಗೆ ಹೋಲಿಸಿ, 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇ 94ರಷ್ಟು ನಗರ ಪ್ರದೇಶಗಳಲ್ಲಿ ಕೆಂಪು ಬಣ್ಣ ಪಡೆದಿದ್ದ ಬಡಾವಣೆಗಳೇ ಇತರ ಬಡಾವಣೆಗಳಿಗಿಂತ ಬಿಸಿಯಾಗಿದ್ದವು. ಮೇಲ್ಮೈ ಉಷ್ಣಾಂಶದ ಈ ಅಂತರ ಸರಾಸರಿ 2.6 ಡಿಗ್ರಿ ಸೆಲ್ಸಿಯಸ್. ಕೆಲವೆಡೆ 7 ಡಿಗ್ರಿಯವರೆಗೂ ಇತ್ತು. ಕಚೇರಿಯೊಂದರ ಮೇಜಿನ ಮೇಲೆ ಬಣ್ಣ ಬಳಿದು ಸಿದ್ಧಪಡಿಸಿದ ನಕ್ಷೆ ಎಂಟು ದಶಕಗಳ ನಂತರ ಉಷ್ಣಮಾಪಕದಲ್ಲಿ ಕಾಣಿಸಿಕೊಂಡಿತ್ತು.

ಜೀವದ ಪ್ರಶ್ನೆ

ಕೆಲವು ಡಿಗ್ರಿಗಳ ವ್ಯತ್ಯಾಸ ಕೇವಲ ನೆಮ್ಮದಿಯ ವಿಷಯವಲ್ಲ. ಅಮೆರಿಕದ ಹವಾಮಾನ ಇಲಾಖೆಯ ದೀರ್ಘಕಾಲದ ಸರಾಸರಿಯನ್ನು ಗಮನಿಸಿದರೆ, ಪ್ರವಾಹ, ಚಂಡಮಾರುತ, ಸಿಡಿಲು ಇವೆಲ್ಲಕ್ಕಿಂತ ಹೆಚ್ಚು ಜನರನ್ನು ಬಲಿ ಪಡೆಯುವುದು ಬಿಸಿಲೇ. ಷಿಕಾಗೋ ನಗರದಲ್ಲಿ 1995ರ ಜುಲೈ ತಿಂಗಳ ಬಿಸಿಗಾಳಿಯ ವೇಳೆ ವಾಡಿಕೆಗಿಂತ 739 ಹೆಚ್ಚು ಸಾವುಗಳು ಸಂಭವಿಸಿದವು.

ಪೋರ್ಟ್‌ಲ್ಯಾಂಡ್‌ನಲ್ಲಿ 2021ರ ಜೂನ್ 28ರಂದು ಅಧಿಕೃತ ಉಷ್ಣಾಂಶ 46.7 ಡಿಗ್ರಿ ಸೆಲ್ಸಿಯಸ್ ತಲುಪಿತು. ಆ ಬೇಗೆಯಲ್ಲಿ ಶಂದಾಸ್ ಸ್ವತಃ ನಗರ ಸುತ್ತಿ ಅಳೆದಾಗ, ಬಡವರು ಹೆಚ್ಚಿರುವ ಲೆಂಟ್ಸ್ ಪ್ರದೇಶದಲ್ಲಿ ಗಾಳಿಯ ಉಷ್ಣಾಂಶ 51 ಡಿಗ್ರಿ ಇತ್ತು. ಮರಗಳಿಂದ ತುಂಬಿದ ವಿಲಾಮೆಟ್ ಹೈಟ್ಸ್‌ನಲ್ಲಿ ಅದು ಸುಮಾರು 37 ಡಿಗ್ರಿ. ಆ ಬಿಸಿಗಾಳಿಗೆ ಪೋರ್ಟ್‌ಲ್ಯಾಂಡ್ ಇರುವ ಕೌಂಟಿಯೊಂದರಲ್ಲೇ ಸುಮಾರು 70 ಮಂದಿ ಬಲಿಯಾದರು. ಅವರಲ್ಲಿ ಹೆಚ್ಚಿನವರು ಹವಾನಿಯಂತ್ರಣವಿಲ್ಲದ ಮನೆಗಳಲ್ಲಿ ಒಂಟಿಯಾಗಿ ವಾಸಿಸುತ್ತಿದ್ದ ಹಿರಿಯರು.

ಬಿಸಿಗಾಳಿಯ ಎಚ್ಚರಿಕೆಯನ್ನು ಇಡೀ ನಗರಕ್ಕೆ ಒಟ್ಟಾಗಿ ನೀಡಬಹುದು. ಆದರೆ ಕುಡಿಯುವ ನೀರು, ಆಂಬುಲೆನ್ಸ್, ಮನೆಮನೆಗೆ ಭೇಟಿ ನೀಡುವ ಆರೋಗ್ಯ ಕಾರ್ಯಕರ್ತೆಯರನ್ನು ಮೊದಲು ಎಲ್ಲಿಗೆ ಕಳುಹಿಸಬೇಕು ಎಂಬುದಕ್ಕೆ ಬೀದಿಮಟ್ಟದ ಮಾಹಿತಿಯೇ ಬೇಕು.

ಜನ ಅಳೆದರೆ ಏನು ಲಾಭ?

ರಿಚ್ಮಂಡ್‌ನ ನಂತರ 2018ರಲ್ಲಿ ವಾಷಿಂಗ್ಟನ್ ಮತ್ತು ಬಾಲ್ಟಿಮೋರ್ ನಗರಗಳಲ್ಲಿ ಅಳತೆ ನಡೆಯಿತು. ಅಮೆರಿಕದ ಸಾಗರ ಮತ್ತು ವಾತಾವರಣ ಆಡಳಿತ ಸಂಸ್ಥೆ ‘ನೋವಾ’ ಇದಕ್ಕೆ ಬೆಂಬಲ ನೀಡಿತು. 2023ರ ವೇಳೆಗೆ 60ಕ್ಕೂ ಹೆಚ್ಚು ನಗರ, ಪಟ್ಟಣಗಳಲ್ಲಿ ಇಂಥ ಅಭಿಯಾನಗಳು ನಡೆದಿದ್ದವು. ಹೂಸ್ಟನ್‌ನಲ್ಲಿ 2020ರ ಆಗಸ್ಟ್‌ನಲ್ಲಿ ಒಂದೇ ಮಧ್ಯಾಹ್ನ ಒಂದೆಡೆ 39.6 ಡಿಗ್ರಿ, ಮತ್ತೊಂದೆಡೆ 30.1 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ನೋವಾದ 2022ರ ಪಟ್ಟಿಯಲ್ಲಿ ಆಫ್ರಿಕಾದ ಫ್ರೀಟೌನ್ ಹಾಗೂ ಬ್ರೆಜಿಲ್‌ನ ರಿಯೊ ಡಿ ಜನೈರೊ ಹೆಸರುಗಳೂ ಸೇರಿದ್ದವು.

ಸ್ವಯಂಸೇವಕರೆಂದರೆ ಸಂಬಳವಿಲ್ಲದ ಕೆಲಸಗಾರರು ಎಂದಷ್ಟೇ ಭಾವಿಸಿದರೆ ಈ ಪ್ರಯತ್ನದ ಅರ್ಧ ಅರ್ಥ ತಪ್ಪಿಹೋಗುತ್ತದೆ. ಯಾವ ಬಸ್ ತಂಗುದಾಣಕ್ಕೆ ನೆರಳಿಲ್ಲ, ಯಾವ ಬೀದಿಯಲ್ಲಿ ವೃದ್ಧರು ಹೆಚ್ಚಿದ್ದಾರೆ, ಮಕ್ಕಳು ಶಾಲೆಗೆ ಯಾವ ಹಾದಿಯಲ್ಲಿ ನಡೆಯುತ್ತಾರೆ ಎಂಬುದು ಆ ಬಡಾವಣೆಯವರಿಗೆ ಗೊತ್ತಿರುತ್ತದೆ. ಮಾರ್ಗ ನಿಗದಿಪಡಿಸುವಾಗ ಈ ತಿಳಿವಳಿಕೆ ನೆರವಾಗುತ್ತದೆ. ಅಲ್ಲದೆ ಎಲ್ಲೋ ಸಿದ್ಧವಾದ ವರದಿಗಿಂತ ತಾವೇ ಅಳೆದ ಅಂಕಿಯನ್ನು ಹಿಡಿದು ಕೌನ್ಸಿಲ್ ಸಭೆಯಲ್ಲಿ ಮಾತನಾಡುವ ನಾಗರಿಕರ ದನಿಗೆ ತೂಕ ಹೆಚ್ಚು.

ರಿಚ್ಮಂಡ್‌ನಲ್ಲಿ ಅಂಥ ಪರಿಣಾಮ ಕಂಡಿತು. ಪ್ರತಿ ನಿವಾಸಿಯೂ ಹತ್ತು ನಿಮಿಷದ ನಡಿಗೆಯಲ್ಲಿ ಉದ್ಯಾನ ತಲುಪುವಂತಿರಬೇಕೆಂಬ ಗುರಿ ಹೊಂದಿದ ನಗರಾಡಳಿತ, 36 ಎಕರೆ ಸರ್ಕಾರಿ ಜಾಗವನ್ನು ಹಸಿರು ತಾಣಗಳಿಗೆ ಮೀಸಲಿಡುವುದಾಗಿ 2020ರಲ್ಲಿ ಘೋಷಿಸಿತು. ಇದಕ್ಕೆ ಆಯ್ಕೆಯಾದದ್ದು ಉದ್ಯಾನಗಳ ಕೊರತೆಯಿದ್ದ ದಕ್ಷಿಣ ಭಾಗ. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಂಗೀಕಾರವಾದ ನಗರದ ಮಹಾಯೋಜನೆಯಲ್ಲಿ ಉಷ್ಣದ್ವೀಪದ ಸಮಸ್ಯೆಗೂ ಸ್ಥಾನ ದೊರೆಯಿತು. ಆದರೆ ನೆಟ್ಟ ಸಸಿ ನೆರಳು ಕೊಡಲು ವರ್ಷಗಳೇ ಬೇಕು. ಎಂಟು ದಶಕಗಳ ಅಂತರ ಒಂದು ಘೋಷಣೆಯಿಂದ ಮುಚ್ಚಿಹೋಗುವುದಿಲ್ಲ.

ವಿಧಾನಕ್ಕೆ ಮಿತಿಗಳೂ ಇವೆ. ಇದು ಒಂದು ದಿನದ ಚಿತ್ರ ಮಾತ್ರ. ಗಾಳಿಯ ದಿಕ್ಕು ಬದಲಾದರೆ ಬಿಸಿಯ ವಿನ್ಯಾಸ ತುಸು ಬದಲಾಗಬಹುದು. ಅಳತೆ ನಡೆಯುವುದು ರಸ್ತೆಯಲ್ಲಿ. ಮನೆಯೊಳಗಿನ ಸೆಕೆ ಅದಕ್ಕೆ ತಿಳಿಯದು. ಜನ ಸಾಯುವುದು ಹೆಚ್ಚಾಗಿ ಮನೆಯೊಳಗೆ, ರಾತ್ರಿಯೂ ತಣಿಯದ ಕೋಣೆಗಳಲ್ಲಿ. ಆದ್ದರಿಂದ ಇಂಥ ನಕ್ಷೆಯನ್ನು ಅಂತಿಮ ತೀರ್ಪೆಂದು ಭಾವಿಸದೆ, ಎಲ್ಲಿ ಹುಡುಕಬೇಕು ಎಂದು ತೋರಿಸುವ ಕೈಮರವೆಂದು ನೋಡುವುದು ಉಚಿತ.

ಬೆಂಗಳೂರಿನ ಬೀದಿಗಳಲ್ಲಿ

ಬೆಂಗಳೂರಿನ ಬೀದಿಗಳಲ್ಲೂ ಮರಗಳ ಪರಿಣಾಮವನ್ನು ಅಳೆದು ನೋಡಲಾಗಿದೆ. ಲಯನೆಲ್ ಸುಜಯ್ ವೈಲ್‌ಶೆರಿ, ಮಧುಮಿತಾ ಜಗನ್ಮೋಹನ್ ಮತ್ತು ಹರಿಣಿ ನಾಗೇಂದ್ರ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರಗಳಿರುವ ಮತ್ತು ಇಲ್ಲದ ರಸ್ತೆ ಭಾಗಗಳನ್ನು ಹೋಲಿಸಲಾಗಿತ್ತು. ಮಧ್ಯಾಹ್ನದ ವೇಳೆ ಮರಗಳ ನೆರಳಿನಲ್ಲಿ ಗಾಳಿಯ ಉಷ್ಣಾಂಶ 5.6 ಡಿಗ್ರಿಯವರೆಗೆ, ರಸ್ತೆಯ ಮೇಲ್ಮೈ ಉಷ್ಣಾಂಶ 27.5 ಡಿಗ್ರಿಯವರೆಗೆ ಕಡಿಮೆಯಿತ್ತು. ಬೆಂಗಳೂರಿನ ಗರಿಷ್ಠ ಉಷ್ಣಾಂಶ 2024ರ ಏಪ್ರಿಲ್ 28ರಂದು 38.5 ಡಿಗ್ರಿ ಮುಟ್ಟಿದಾಗ ಅದು ದೊಡ್ಡ ಸುದ್ದಿಯಾಗಿತ್ತು. ಆ ಅಂಕಿಗೆ ಐದು ಡಿಗ್ರಿ ಕೂಡಿಸುವುದೋ, ಕಳೆಯುವುದೋ ಎಂಬುದು ಒಬ್ಬೊಬ್ಬರು ನಿಂತ ಬೀದಿಯನ್ನು ಅವಲಂಬಿಸಿರುತ್ತದೆ.

ರಸ್ತೆ ವಿಸ್ತರಣೆಗಾಗಿ ಮರಗಳನ್ನು ಕಡಿಯುವ ಪ್ರಸ್ತಾವ ಬಂದಾಗಲೆಲ್ಲ ನಮ್ಮ ನಗರಗಳಲ್ಲಿ ನಡೆಯುವ ಚರ್ಚೆಯಲ್ಲಿ ಒಂದು ಕಡೆ ಸಂಚಾರದ ಅಂಕಿಅಂಶಗಳಿರುತ್ತವೆ, ಮತ್ತೊಂದು ಕಡೆ ಮರಗಳ ಮೇಲಿನ ಪ್ರೀತಿಯಿರುತ್ತದೆ. ಪ್ರೀತಿಗೆ ಅಂಕಿ ಇರುವುದಿಲ್ಲ. ಹಾಗಾಗಿ ಅದು ಸೋಲುತ್ತದೆ. ಬೇಸಿಗೆಯ ಒಂದು ದಿನ ಕಾರು, ಸ್ಕೂಟರ್, ಸೈಕಲ್‌ಗಳಲ್ಲಿ ಹೊರಟು ತಮ್ಮ ಬೀದಿಯ ಬಿಸಿಯನ್ನು ಅಳೆಯುವುದು ಕಾಲೇಜು ವಿದ್ಯಾರ್ಥಿಗಳಿಗೂ, ಬಡಾವಣೆ ನಿವಾಸಿಗಳ ಸಂಘಗಳಿಗೂ ಅಸಾಧ್ಯವಾದುದೇನಲ್ಲ. ಕಲಬುರಗಿ, ರಾಯಚೂರಿನಂಥ ಬಿಸಿಲ ನಾಡಿನ ನಗರಗಳಿಗೆ ಇದರ ಅಗತ್ಯ ಇನ್ನೂ ಹೆಚ್ಚು.

ಸಂಜೆಯ ಸುದ್ದಿಯಲ್ಲಿ ಬರುವ ಅಂಕಿ ನಗರಕ್ಕೆ ಸೇರಿದ್ದು. ತಮ್ಮ ಬೀದಿಯ ಅಂಕಿಯನ್ನು ಅಲ್ಲಿನ ಜನರೇ ಅಳೆದು ಹೇಳಬೇಕಾಗಿದೆ.